ಯಾವ ಊರಿನ ಹವಾ ಒಳ್ಳೆಯದು? ಡಿಸೆಂಬರ್‌ನಲ್ಲಿ ಕೇಳಬೇಡಿ, ಆಶ್ಲೇಷ ಮಳೆಯಲ್ಲಿ ಕೇಳಿ

ಪ್ರಶ್ನೆ: "ಸರ್, ನನಗೆ 59 ವರ್ಷ. ಮೂಲ ಜಮಖಂಡಿ ಹತ್ತಿರದ ಹಳ್ಳಿ. 27 ವರ್ಷದಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮುಂದಿನ ವರ್ಷ ಬ್ಯಾಂಕ್ ಕೆಲಸದಿಂದ ನಿವೃತ್ತಿ. ನನಗೆ ಬಿಪಿ ಇದೆ. ನಮ್ಮ ಮನೆಯವರಿಗೆ ಹತ್ತು ವರ್ಷದಿಂದ ಅಸ್ತಮಾ, ಜೊತೆಗೆ ಮಂಡಿನೋವು. ಹೋದ ಡಿಸೆಂಬರ್‌ನಲ್ಲಿ ಮಡಿಕೇರಿಗೆ ಹೋಗಿ ನಾಲ್ಕು ದಿನ ಇದ್ದೆವು. ನಾಲ್ಕೂ ರಾತ್ರಿ ಅವರು ಇನ್‌ಹೇಲರ್ ಮುಟ್ಟದೆ ನಿದ್ದೆ ಮಾಡಿದರು. ಇಲ್ಲಿನ ಗಾಳಿಯಲ್ಲಿ ಆಕ್ಸಿಜನ್ ಜಾಸ್ತಿ ಅಂತ ಹೋಮ್‌ಸ್ಟೇಯವರು ಹೇಳಿದರು. ಈಗ ಡೊಂಬಿವಲಿ ಫ್ಲ್ಯಾಟ್ ಮಾರಿ ಮಡಿಕೇರಿ ಹತ್ತಿರ ಹತ್ತು ಸೆಂಟ್ ಜಾಗ ತಗೊಂಡು ಮನೆ ಕಟ್ಟೋಣ ಅಂತ ಮನಸ್ಸು. ಅಳಿಯ ಬೆಂಗಳೂರಿಗೆ ಬನ್ನಿ ಅಂತಾರೆ. ಗೆಳೆಯರು ಮೈಸೂರು ಅಂತಾರೆ. ಊರಲ್ಲಿ ಅಪ್ಪನ ಕಾಲದ ಮಣ್ಣಿನ ಮಾಳಿಗೆ ಮನೆ ಇದೆ, ಬೀಗ ಹಾಕಿದೆ. ಅದನ್ನು ಮಾರಿಬಿಡಲೇ? ಒಟ್ಟಿನಲ್ಲಿ, ಇರಲಿಕ್ಕೆ ಎಲ್ಲಕ್ಕಿಂತ ಒಳ್ಳೆಯ ಹವಾ ಯಾವ ಊರಿನದು?"

ಉತ್ತರ: ನೀವು ಕೇಳಿದ್ದು ಹವೆಯ ಬಗ್ಗೆ. ನಿಮ್ಮ ಚಿಂತೆ ಮಾತ್ರ ಫ್ಲ್ಯಾಟಿನದು ಅನ್ನಿಸಿತು. ಅದೊಂದನ್ನು ಮಾರಿದ ಮೇಲೆ ಹೊಸ ಊರು ಒಗ್ಗದೇ ಹೋದರೆ ಹಿಂದಕ್ಕೆ ಬರೋಕೆ ದಾರಿ ಇರಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ವರ್ಷ ಏನನ್ನೂ ಮಾರಬೇಡಿ. ಫ್ಲ್ಯಾಟನ್ನೂ ಬೇಡ, ಊರಿನ ಮನೆಯನ್ನೂ ಬೇಡ.

ನಾನು ಡಾಕ್ಟರ್ ಅಲ್ಲ. 31 ವರ್ಷ ಹವಾಮಾನ ವೀಕ್ಷಣೆಯ ಕೆಲಸ ಮಾಡಿದವನು. ಬೆಳಗ್ಗೆ ಎಂಟೂವರೆಗೆ ಮಳೆಮಾಪಕದ ನೀರು ಅಳೆಯುವುದು, ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು ಉಷ್ಣಮಾಪಕ ಓದುವುದು, ಬರೆದಿಡುವುದು. ಕರಾವಳಿ, ಮಲೆನಾಡು, ಬಯಲುಸೀಮೆ ಎಲ್ಲ ಕಡೆ ವರ್ಗವಾಗಿ ಹೋಗಿ ಬಂದಿದ್ದೇನೆ. ಬಾಡಿಗೆ ಮನೆಗಳಲ್ಲೇ ಬದುಕಿದ್ದರಿಂದ ಯಾವ ಊರಲ್ಲಿ ಟ್ರಂಕಿನ ಬಟ್ಟೆಗೆ ಬೂಸ್ಟು ಹಿಡಿಯುತ್ತೆ, ಎಲ್ಲಿ ತುಟಿ ಒಡೆಯುತ್ತೆ ಅನ್ನೋದು ಅಂಕಿಗಿಂತ ಚೆನ್ನಾಗಿ ನೆನಪಿದೆ.

ಮೊದಲು ಆಕ್ಸಿಜನ್ ವಿಷಯ. ಹೋಮ್‌ಸ್ಟೇಯವರು ಪ್ರೀತಿಯಿಂದಲೇ ಹೇಳಿರಬೇಕು, ಆದರೆ ತಪ್ಪು. ಗಾಳಿಯಲ್ಲಿ ಆಕ್ಸಿಜನ್ ಪಾಲು ಎಲ್ಲ ಊರಲ್ಲೂ ಶೇ 21ರ ಹತ್ತಿರವೇ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಡೊಂಬಿವಲಿಗಿಂತ ಶೇ 12ರಷ್ಟು ಕಡಿಮೆ. ಅಂದರೆ ಒಂದೊಂದು ಉಸಿರಿಗೂ ಸಿಗುವ ಆಕ್ಸಿಜನ್ ಅಷ್ಟೇ ಕಡಿಮೆ. ಆರೋಗ್ಯವಂತರಿಗೆ ಇದರಿಂದ ತೊಂದರೆ ಏನಿಲ್ಲ, ಗೊತ್ತೂ ಆಗಲ್ಲ. ಸುಮ್ನೆ ಲೆಕ್ಕ ಹೇಳಿದೆ.

ಹಾಗಾದರೆ ನಿಮ್ಮ ಮನೆಯವರಿಗೆ ಅಲ್ಲಿ ಯಾಕೆ ಹಗುರ ಅನ್ನಿಸಿತು? ಡಿಸೆಂಬರ್ ಅಂದರೆ ಮಡಿಕೇರಿಯಲ್ಲಿ ಮಳೆ ಮುಗಿದು, ಒಣಗಾಳಿ ಬೀಸಿ, ಗೋಡೆಗಳೆಲ್ಲ ಒಣಗಿರುವ ಕಾಲ. ಹೋಮ್‌ಸ್ಟೇ ಹಾಸಿಗೆಗೆ ಒಗೆದ ಹೊದಿಕೆ. ನಾಲ್ಕು ದಿನ ಒಗ್ಗರಣೆ ಘಾಟಿಲ್ಲ, ಹಳೇ ಪೇಪರ್ ರಾಶಿಯ ಧೂಳಿಲ್ಲ, ಸ್ಟೇಷನ್ ರೋಡಿನ ಹೊಗೆಯೂ ಇಲ್ಲ. ಅದರ ಮೇಲೆ ರಜೆಯ ನಿದ್ದೆ. ಇದರಲ್ಲಿ ಊರಿನ ಪಾಲೆಷ್ಟು, ಡಿಸೆಂಬರ್‌ನ ಪಾಲೆಷ್ಟು? ನಾಲ್ಕು ದಿನದಲ್ಲಿ ಅದನ್ನು ಬೇರ್ಪಡಿಸಿ ನೋಡೋಕೆ ಆಗಲ್ಲ. ಇನ್ನೊಂದು ಮಾತು: ದಿನಾ ತಗೊಳ್ಳಬೇಕಾದ ಇನ್‌ಹೇಲರ್ ಆಗಿದ್ದರೆ, ಹಗುರ ಅನ್ನಿಸಿತು ಅಂತ ಡಾಕ್ಟರನ್ನು ಕೇಳದೆ ಬಿಡಬಾರದು.

ಅದೇ ಮನೆಗೆ ಆಶ್ಲೇಷ ಮಳೆಯಲ್ಲಿ, ಅಂದರೆ ಆಗಸ್ಟ್ ಮೊದಲ ಹದಿನೈದು ದಿನದಲ್ಲಿ ಹೋಗಿ ಅಂದರೆ ಹೋಗುತ್ತೀರಾ? ಮಳೆ ನಮಗೇನು ಹೊಸದೇ ಅನ್ನಬಹುದು. ನಿಜ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದದ್ದನ್ನು ನೋಡಿದ ಪ್ರದೇಶದವರು ನೀವು. ಆದರೆ ನಿಮ್ಮದು ಬೆಚ್ಚಗಿನ ಮಳೆ. ಸುರಿಯುತ್ತೆ, ನಿಲ್ಲುತ್ತೆ, ಬಿಸಿಲು ಬೀಳುತ್ತೆ. ಮಡಿಕೇರಿಯದು ಹಾಗಲ್ಲ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯಲ್ಲಿ ದೊಡ್ಡ ಪಾಲು ಜೂನ್‌ನಿಂದ ಆಗಸ್ಟ್ ಒಳಗೇ ಬರುತ್ತೆ. ಜುಲೈನಲ್ಲಿ ಹಗಲೂ 21-22 ಡಿಗ್ರಿ, ರಾತ್ರಿ 17-18. ಹಗಲಿಗೂ ರಾತ್ರಿಗೂ ಅಷ್ಟೇ ವ್ಯತ್ಯಾಸ. ಎಂಟು-ಹತ್ತು ದಿನ ಸೂರ್ಯನ ಮುಖ ಕಾಣದೇ ಇರೋದು ಅಲ್ಲಿ ಸುದ್ದಿಯೇ ಅಲ್ಲ. ಮಂಜು ಕಿಟಕಿಯಿಂದ ಒಳಗೇ ಬಂದುಬಿಡುತ್ತೆ. ಕಪಾಟಿನಲ್ಲಿಟ್ಟ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ಎಲ್ಲದರ ಮೇಲೂ ಬೂದು ಬಣ್ಣದ ಬೂಸ್ಟು. ಅಸ್ತಮಾ ಇರುವವರಿಗೆ ಈ ಬೂಸ್ಟೇ ಶತ್ರು. ತೇವ ಜಾಸ್ತಿ ಇದ್ದ ಕಡೆ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುನುಸಿಗಳೂ ಹೆಚ್ಚುತ್ತವೆ, ಅವು ಇನ್ನೊಂದು ಶತ್ರು. ಜೊತೆಗೆ ಚಳಿಯಲ್ಲಿ ರಕ್ತನಾಳ ಬಿಗಿಯಾಗುವುದರಿಂದ ಬಿಪಿ ಸ್ವಲ್ಪ ಏರುತ್ತೆ, ಅದು ನಿಮ್ಮ ಲೆಕ್ಕಕ್ಕೆ.

ಮಂಡಿನೋವಿನ ವಿಷಯದಲ್ಲಿ ನಾನು ಅಷ್ಟು ಖಂಡಿತವಾಗಿ ಮಾತಾಡಲ್ಲ. ಮೋಡ ಕಟ್ಟಿದರೆ ಮಂಡಿ ಹೇಳುತ್ತೆ ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು. ಸಂಶೋಧನೆಗಳು ಮಾತ್ರ ಒಂದೇ ದನಿಯಲ್ಲಿ ಮಾತಾಡುತ್ತಿಲ್ಲ. ಖಚಿತವಾಗಿ ಗೊತ್ತಿರುವುದು ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತೆ ಅನ್ನೋದು. ಮೂರು ತಿಂಗಳು ಹೊರಗೆ ನಡೆದಾಡೋಕೆ ಆಗದಿದ್ದರೆ ಮಂಡಿ ಇನ್ನೂ ಬಿಗಿಯುತ್ತೆ ಅನ್ನೋದು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಒಳ್ಳೆಯ ಹವಾ ಅಂದರೆ ತಂಪು ಅಂತ ನಾವೆಲ್ಲ ತಿಳಿದಿದ್ದೇವೆ. ಕನ್ನಡದಲ್ಲೇ ಇದಕ್ಕಿಂತ ಸೂಕ್ಷ್ಮವಾದ ಮಾತುಗಳಿವೆ ನೋಡಿ. ಕರಾವಳಿಯವರು ಸೆಕೆ ಅಂತಾರೆ. ನಿಮ್ಮ ಕಡೆ ಬಿಸಿಲು, ಝಳ ಅಂತಾರೆ. ಎರಡೂ ಒಂದೇ ಅಲ್ಲ. ನಮ್ಮ ಬಿಳಿ ಪೆಟ್ಟಿಗೆಯಲ್ಲಿ ಎರಡು ಉಷ್ಣಮಾಪಕ ಪಕ್ಕಪಕ್ಕ ಇರುತ್ತಿದ್ದವು. ಒಂದು ಮಾಮೂಲಿ. ಇನ್ನೊಂದರ ತುದಿಗೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಅದರ ಬತ್ತಿಯನ್ನು ನೀರಿನ ಪುಟ್ಟ ಬಟ್ಟಲಿಗೆ ಇಳಿಬಿಟ್ಟಿರುತ್ತಿದ್ದೆವು. ನೀರು ಆರುತ್ತಾ ಆರುತ್ತಾ ಆ ತುದಿ ತಣ್ಣಗಾಗುತ್ತೆ. ಗಾಳಿ ಒಣಗಿದ್ದಷ್ಟೂ ಜಾಸ್ತಿ ತಣ್ಣಗಾಗುತ್ತೆ. ಕಲಬುರಗಿಯಲ್ಲಿ ಒಂದು ಮೇ ಮಧ್ಯಾಹ್ನ ಒಣ ಮಾಪಕ 42 ತೋರಿಸಿದರೆ ಒದ್ದೆಯದು 22 ತೋರಿಸುತ್ತಿತ್ತು. ಮಂಗಳೂರಲ್ಲಿ ಒಣ ಮಾಪಕ 33, ಒದ್ದೆಯದು 28.

ಆ ಒದ್ದೆ ಬಟ್ಟೆಯೇ ನಮ್ಮ ಬೆವರಿದ ಮೈ. ಕಲಬುರಗಿಯಲ್ಲಿ ಬೆವರು ಬಂದ ಹಾಗೇ ಆರಿ ಮೈ ತಣಿಸುತ್ತೆ. ನೀರು ಕುಡಿಯುತ್ತಾ ನೆರಳಲ್ಲಿದ್ದರೆ ನಿಭಾಯಿಸಬಹುದು. ಮಂಗಳೂರಲ್ಲಿ ಬೆವರು ಆರೋದೇ ಇಲ್ಲ, ಅಂಗಿಗೆ ಅಂಟಿ ಕೂರುತ್ತೆ. ಒದ್ದೆ ಮಾಪಕ 35 ಮುಟ್ಟಿದರೆ ಎಂಥ ಗಟ್ಟಿ ದೇಹವೂ ಬಹಳ ಹೊತ್ತು ತಡೆಯಲ್ಲ ಅನ್ನುತ್ತಾರೆ. ವಯಸ್ಸಾದವರಿಗೆ ಅದಕ್ಕಿಂತ ಎಷ್ಟೋ ಮುಂಚೆಯೇ ಕಷ್ಟ ಶುರು. ಹಾಗಾಗಿ ಪೇಪರಿನಲ್ಲಿ ಬರುವ ಗರಿಷ್ಠ ಉಷ್ಣಾಂಶ ಒಂದನ್ನೇ ನೋಡಿ ಊರಿಗೆ ಅಂಕ ಕೊಡಬೇಡಿ. ನಾನಾದರೆ ಮೊದಲು ರಾತ್ರಿಯ ಕನಿಷ್ಠ ನೋಡುತ್ತೇನೆ. ಮೇ ತಿಂಗಳಲ್ಲಿ ಡೊಂಬಿವಲಿಯಲ್ಲಿ ಮಧ್ಯರಾತ್ರಿ ಎದ್ದು ಫ್ಯಾನ್ ಕೆಳಗೆ ಕೂತದ್ದು ನಿಮಗೇ ಗೊತ್ತಿರಬೇಕಲ್ಲ. ಹಗಲ ಬಿಸಿಗಿಂತ ಇಳಿಯದ ರಾತ್ರಿಯೇ ದೇಹವನ್ನು ಜಾಸ್ತಿ ಸುಸ್ತು ಮಾಡುತ್ತೆ.

ಪ್ರಪಂಚದಲ್ಲಿ "ಸದಾ ವಸಂತದ ಊರು" ಅಂತ ಹೆಸರು ಪಡೆದವು ಕೆಲವಿವೆ. ಚೀನಾದ ಕುನ್‌ಮಿಂಗ್ ಸುಮಾರು 1,900 ಮೀಟರ್, ಕೊಲಂಬಿಯಾದ ಮೆಡೆಲಿನ್ ಸುಮಾರು 1,500. ಗುಟ್ಟು ಸರಳ. ಉಷ್ಣವಲಯದ ಆಸುಪಾಸಿನಲ್ಲಿದ್ದು, ಎತ್ತರದಲ್ಲಿರಬೇಕು. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತೆ. ಬೆಂಗಳೂರು 920 ಮೀಟರ್‌ನಲ್ಲಿ ಕೂತು ಹೆಸರು ಮಾಡಿದ್ದೂ ಇದೇ ಲೆಕ್ಕದ ಮೇಲೆ. ಶ್ರೀರಂಗಪಟ್ಟಣದಲ್ಲಿ ಜ್ವರಕ್ಕೆ ಸಿಕ್ಕಿ ನರಳುತ್ತಿದ್ದ ಬ್ರಿಟಿಷ್ ಸೈನ್ಯ 1809ರ ಹೊತ್ತಿಗೆ ಬೆಂಗಳೂರಿಗೆ ಬಂದು ದಂಡು ಪ್ರದೇಶ ಕಟ್ಟಿಕೊಂಡಿತು. ಆಮೇಲೆ ಅದು ಪಿಂಚಣಿದಾರರ ಸ್ವರ್ಗ ಆಯಿತು.

ಆ ಬೆಂಗಳೂರಿಗೆ ಹೋಗಬೇಕಾ? ಹವೆಗೋಸ್ಕರ ಬೇಡ. ಮಗಳು-ಅಳಿಯ, ಮೊಮ್ಮಕ್ಕಳಿಗೋಸ್ಕರ ಹೋಗುವುದಾದರೆ ಅದು ಒಳ್ಳೆಯ ಕಾರಣ, ಹವೆಯ ನೆಪ ಬೇಕಿಲ್ಲ. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದಿದ್ದ ಊರು 2016ರ ಏಪ್ರಿಲ್ 24ರಂದು 39.2 ಮುಟ್ಟಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಸಂಜೆಯ ಗಾಳಿ ಈಗಲೂ ಹಿತವೇ. ಆದರೆ ಕಟ್ಟಡದ ಧೂಳು, ವಾಹನದ ಹೊಗೆ, ಖಾಲಿ ಸೈಟಿನ ಕಾಂಗ್ರೆಸ್ ಗಿಡ ಮೂರೂ ಸೇರಿದರೆ ಅಲರ್ಜಿ ಇರುವವರಿಗೆ ಬಾಗಿಲು ತೆಗೆಯೋಕೆ ಭಯ.

ಕರಾವಳಿಯ ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದೇ ಆಯಿತು. ಈಗಿರುವ ಹವೆಯನ್ನೇ ಇನ್ನೊಂದು ಪಿನ್‌ಕೋಡಿನಲ್ಲಿ ಕೊಂಡ ಹಾಗೆ.

ಮಡಿಕೇರಿ ಬೇಕೇ ಬೇಕು ಅನ್ನುವುದಾದರೆ ಜಾಗದ ಬಗ್ಗೆ ಎರಡು ಮಾತು. ಅಲ್ಲಿ ಸಪಾಟು ನೆಲ ಕಡಿಮೆ. ಗುಡ್ಡ ಕಡಿದು ಸೈಟ್ ಮಾಡುತ್ತಾರೆ. ಹಾಗೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಗೆ ಅಲ್ಲಿಯವರು ಬರೆ ಅಂತಾರೆ. ವಾರಗಟ್ಟಲೆ ಮಳೆ ಹಿಡಿದಾಗ ಬರೆ ನೀರು ಕುಡಿದು ಜರಿಯುತ್ತೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿ ಊರುಗಳು ಖಾಲಿಯಾದವು. 2024ರ ಜುಲೈನಲ್ಲಿ ಪಕ್ಕದ ವಯನಾಡಿನಲ್ಲೂ, ಅಂಕೋಲಾದ ಶಿರೂರಿನಲ್ಲೂ ಆದದ್ದು ಗೊತ್ತೇ ಇದೆ. ಮನೆಯ ಹಿಂದೆ ಬರೆ ಎಷ್ಟು ಎತ್ತರ, ಮೇಲಿನ ನೀರು ಎಲ್ಲಿ ಹರಿದು ಹೋಗುತ್ತೆ, ತಡೆಗೋಡೆಯಲ್ಲಿ ನೀರು ಹೊರಬರೋಕೆ ತೂತುಗಳಿವೆಯೇ, ಇಷ್ಟು ನೋಡದೆ ಅಡ್ವಾನ್ಸ್ ಕೊಡಬೇಡಿ. ಡಿಸೆಂಬರ್‌ನಲ್ಲಿ ಆ ಬರೆ ಮೇಲೆ ಜರೀಗಿಡ ಬೆಳೆದು ಫೋಟೋಗೆ ಚೆಂದ ಕಾಣುತ್ತೆ. ಅದೇ ಕಷ್ಟ.

ಪಶ್ಚಿಮಘಟ್ಟದ ಒಂದು ಸ್ವಭಾವ ತಿಳಿದುಕೊಂಡರೆ ನಿಮಗೆ ಉಪಯೋಗ. ಮಳೆಗಾಳಿ ಅರಬ್ಬಿ ಸಮುದ್ರದಿಂದ ಬಂದು ಘಟ್ಟಕ್ಕೆ ಗುದ್ದಿ ಮೇಲೇರುತ್ತೆ, ಏರಿದಾಗ ತಣ್ಣಗಾಗಿ ಸುರಿಯುತ್ತೆ. ಬೆನ್ನು ದಾಟಿ ಪೂರ್ವಕ್ಕೆ ಇಳಿಯುವಷ್ಟರಲ್ಲಿ ಚೀಲ ಖಾಲಿ. ಹಾಗಾಗಿ ಇಲ್ಲಿ ಜಿಲ್ಲೆ ಹೆಸರು ಹಿಡಿದು ಹವಾ ಹೇಳೋಕೆ ಆಗಲ್ಲ, ಘಟ್ಟದಿಂದ ಎಷ್ಟು ಕಿಲೋಮೀಟರ್ ಪೂರ್ವಕ್ಕೆ ಅಂತ ಕೇಳಬೇಕು. ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಮಳೆ ಅರ್ಧಕ್ಕಿಂತಲೂ ಕಡಿಮೆ. (ಅಲ್ಲಿ ನದಿ ದಂಡೆಯ ತಗ್ಗಿನ ಬಡಾವಣೆ ಮಾತ್ರ ಬೇಡ. 2018, 2019 ಎರಡೂ ವರ್ಷ ಕಾವೇರಿ ಮನೆಯೊಳಗೆ ಬಂದಿದ್ದಳು.) ಸಕಲೇಶಪುರಕ್ಕೂ ಹಾಸನಕ್ಕೂ ಇದೇ ಕಥೆ. ಶೃಂಗೇರಿ, ಕೊಪ್ಪಕ್ಕೂ ಚಿಕ್ಕಮಗಳೂರು ಪೇಟೆಗೂ ಇದೇ. ತಂಪು ಬೇಕು, ತೇವ ಬೇಡ ಅನ್ನುವವರಿಗೆ ಘಟ್ಟದ ಬೆನ್ನಿನಿಂದ ಪೂರ್ವಕ್ಕೆ ಇಳಿದ ಈ ಪಟ್ಟಿ ಸರಿಯಾದ ಜಾಗ.

ಆ ಪಟ್ಟಿಯಲ್ಲೇ, ಇನ್ನೂ ಸ್ವಲ್ಪ ಪೂರ್ವಕ್ಕೆ ಮೈಸೂರಿದೆ. ನಿಮ್ಮ ಗೆಳೆಯರ ಮಾತು ಹಗುರವಾಗಿ ತಗೋಬೇಡಿ. ಸುಮಾರು 770 ಮೀಟರ್ ಎತ್ತರ, ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ. ಅದೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಂಚಿಕೊಂಡು ಬರುತ್ತೆ. ಮಾರ್ಚ್-ಏಪ್ರಿಲ್‌ನಲ್ಲಿ 35 ದಾಟುವ ದಿನಗಳಿವೆ, ಯುಗಾದಿ ಹೊತ್ತಿಗೆ ಸಾಕಪ್ಪ ಅನ್ನಿಸುತ್ತೆ. ಅಷ್ಟರಲ್ಲಿ ಒಂದು ಮಾವಿನ ಮಳೆ ಬಿದ್ದು ರಾತ್ರಿ ತಣ್ಣಗಾಗುತ್ತೆ. ದೊಡ್ಡ ಆಸ್ಪತ್ರೆಗಳು ಹತ್ತಿರ, ರಸ್ತೆ ಸಪಾಟು, ಬೆಳಗ್ಗೆ ನಡೆಯೋಕೆ ಮರದ ನೆರಳು. ಕೆಟ್ಟ ತಿಂಗಳು ಅಂತ ಇರುವುದು ಒಂದೂವರೆ. ಅದೂ ಒಣ ಬಿಸಿಲು, ನಿಮ್ಮ ಮನೆಯವರ ಎದೆಗೆ ಅಷ್ಟು ತೊಂದರೆ ಕೊಡದ ಬಿಸಿಲು.

ಆದರೂ ನೀವು ನನ್ನ ಅಣ್ಣನೋ ತಮ್ಮನೋ ಆಗಿದ್ದರೆ ಮೊದಲು ಧಾರವಾಡ ನೋಡು ಅನ್ನುತ್ತಿದ್ದೆ. ಎತ್ತರ ಸುಮಾರು 750 ಮೀಟರ್, ಮೈಸೂರಿನಷ್ಟೇ. ಮಳೆಯೂ ಹೆಚ್ಚುಕಮ್ಮಿ ಅಷ್ಟೇ. ಬೆಳಗಾವಿ ಇನ್ನೂ ತಂಪು, ಬಡವರ ಮಹಾಬಳೇಶ್ವರ ಅಂತಲೇ ಹೆಸರು. ಆದರೆ ಅಲ್ಲಿ ಜುಲೈ-ಆಗಸ್ಟ್‌ನ ಜಿಟಿಜಿಟಿ ಮಳೆ ಬಿಡುವುದೇ ಇಲ್ಲ, ಅಸ್ತಮಾ ಇರುವ ಮನೆಗೆ ಧಾರವಾಡ ಒಂದು ಹೆಜ್ಜೆ ಮೇಲು. ಏಪ್ರಿಲ್‌ನ ಮಧ್ಯಾಹ್ನ ಎರಡೂ ಕಡೆ ಕಾಯುತ್ತೆ, ರಾತ್ರಿ ಎರಡೂ ಕಡೆ ಇಳಿಯುತ್ತೆ. ಮುಂಬೈಗೆ ರೈಲಿದೆ. ನಿಮ್ಮ ಭಾಷೆ, ನಿಮ್ಮ ರೊಟ್ಟಿ, ನಿಮ್ಮ ನೆಂಟರು. 60 ದಾಟಿದ ಮೇಲೆ ಹೊಸ ಊರಲ್ಲಿ ಮಾತಿಗೆ ಜನ ಸಿಗದೆ ಒಳಗೊಳಗೇ ಕುಗ್ಗಿದವರನ್ನು ನಾನು ಕಂಡಿದ್ದೇನೆ. ಅವರ ಮನೆಯ ಹವಾ ಬಹಳ ಚೆನ್ನಾಗಿತ್ತು.

ಊರು ಸರಿ ಇದ್ದರೂ ಮನೆ ಕೈ ಕೊಡಬಹುದು. ಒಂದು ವರ್ಗಾವಣೆಯಲ್ಲಿ ನಮಗೆ ಮೇಲಿನ ಮಹಡಿಯ ಮನೆ ಸಿಕ್ಕಿತ್ತು. ಪಶ್ಚಿಮಕ್ಕೆ ಗೋಡೆ, ತಲೆ ಮೇಲೆ ಬರೀ ಆರ್‌ಸಿಸಿ ತಾರಸಿ. ಮಧ್ಯಾಹ್ನ ಕುಡಿದ ಬಿಸಿಯನ್ನು ಆ ತಾರಸಿ ರಾತ್ರಿ ಹತ್ತಕ್ಕೆ ವಾಪಸ್ ಕೊಡುತ್ತಿತ್ತು. ಫ್ಯಾನ್ ಹಾಕಿದರೆ ಹಂಚಿನ ಮೇಲಿನ ಗಾಳಿ ಬೀಸಿದ ಹಾಗೆ. ಕೆಳಗಿನ ಮನೆಯವರು ಹೊದಿಕೆ ಹೊದ್ದು ಮಲಗುತ್ತಿದ್ದರು. ಊರು ಒಂದೇ, ಬೀದಿ ಒಂದೇ, ಬಾಡಿಗೆಯೂ ಒಂದೇ! ನಾನು ತಾರಸಿಗೆ ಸುಣ್ಣ ಬಳಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ಆದ್ದರಿಂದ ಕೆಳಗೆ ಇನ್ನೊಂದು, ಮೇಲೆ ಇನ್ನೊಂದು ಮಹಡಿ ಇರುವ ಮನೆ ನೋಡಿ. ಎದುರುಬದುರು ಕಿಟಕಿ ಇರಲಿ. ಮಂಡಿಗೆ ಮೆಟ್ಟಿಲು ಆಗದು, ಲಿಫ್ಟ್ ಇರಲಿ.

ಮಾಡಬೇಕಾದ್ದು ಇಷ್ಟು. ನಿವೃತ್ತಿಯಾದ ಮೇಲೆ ಡೊಂಬಿವಲಿ ಮನೆ ಬಾಡಿಗೆಗೆ ಕೊಡಿ. ಆ ದುಡ್ಡಲ್ಲಿ ಧಾರವಾಡದಲ್ಲೋ ಮೈಸೂರಿನಲ್ಲೋ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆ ಮನೆ ಹಿಡಿಯಿರಿ. ಮನೆ ನೋಡೋಕೆ ಹೋದಾಗ ಪಕ್ಕದ ಮನೆಯವರನ್ನು ಒಂದೇ ಪ್ರಶ್ನೆ ಕೇಳಿ: ಆಷಾಢ-ಶ್ರಾವಣದಲ್ಲಿ ಒಗೆದ ಬಟ್ಟೆ ಎಷ್ಟು ದಿನಕ್ಕೆ ಒಣಗುತ್ತೆ? ಒಂದು ದಿನ ಅಂದರೆ ಸಲೀಸು. ಎರಡು ದಿನ ಅಂದರೆ ನಿಭಾಯಿಸಬಹುದು. ಒಲೆ ಮೇಲೆ ಹಗ್ಗ ಕಟ್ಟುತ್ತೇವೆ ಅಂದರೆ ಚಹಾ ಕುಡಿದು ಎದ್ದು ಬನ್ನಿ. ಕೆಲವು ನೂರು ರೂಪಾಯಿಗೆ ತೇವಾಂಶ ತೋರಿಸುವ ಪುಟ್ಟ ಮೀಟರ್ ಸಿಗುತ್ತೆ. ಅದನ್ನು ಹಾಲ್‌ನಲ್ಲಿ ಇಡಬೇಡಿ, ಮಂಚದ ಪಕ್ಕ ಇಡಿ. ವಾರಗಟ್ಟಲೆ ಶೇ 70ರ ಮೇಲೇ ನಿಂತರೆ ಬೂಸ್ಟು ಬರುತ್ತೆ ಅಂತಲೇ ಲೆಕ್ಕ. ಅಸ್ತಮಾ ಡಾಕ್ಟರ್ ಹತ್ತಿರ ಯಾವುದಕ್ಕೆ ಅಲರ್ಜಿ ಅನ್ನೋ ಪರೀಕ್ಷೆಯನ್ನೂ ಹೊರಡುವ ಮುಂಚೆ ಮಾಡಿಸಿ. ಬೂಸ್ಟಿಗೋ, ಧೂಳುನುಸಿಗೋ, ಪರಾಗಕ್ಕೋ ಗೊತ್ತಾದರೆ ಊರು ಹುಡುಕೋದು ಅರ್ಧ ಮುಗಿದ ಹಾಗೆ.

ಇನ್ನು ಅಪ್ಪನ ಮನೆ. ಜಮಖಂಡಿ ಕಡೆ ಮಳೆ ಕಡಿಮೆ, ಬೇಸಿಗೆಯಲ್ಲಿ 40 ಮುಟ್ಟುತ್ತೆ, ವರ್ಷಪೂರ್ತಿ ಇರಿ ಅಂತ ನಾನು ಹೇಳಲ್ಲ. ಕಬ್ಬು ಕಡಿಯುವ ಕಾಲದಲ್ಲಂತೂ ಬೇಡವೇ ಬೇಡ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊಲಹೊಲದಲ್ಲಿ ರವದಿ, ಅಂದರೆ ಕಬ್ಬಿನ ಒಣಗರಿ, ಸುಡುವ ಹೊಗೆ ಸಂಜೆ ನೆಲಮಟ್ಟದಲ್ಲೇ ಹರಡಿ ನಿಲ್ಲುತ್ತೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ನೋಡಿ. ಘಟ್ಟದ ಕಡೆ ಎಲ್ಲ ತೊಯ್ದು ಕೂತಿರುವಾಗ ನಿಮ್ಮೂರಲ್ಲಿ ಮೋಡದ ನೆರಳು, ಬೀಸುವ ಗಾಳಿ, ಅಲ್ಲೊಂದು ಇಲ್ಲೊಂದು ಮಳೆ. ಹೊಗೆ ಇಲ್ಲ, ಬೂಸ್ಟಿಲ್ಲ. ಮಳೆಗಾಲ ನೋಡಿಕೊಂಡು ಕುರಿ ಹೊಡೆದುಕೊಂಡು ಊರು ಬದಲಿಸುವ ಕುರಿಗಾರರನ್ನು ಚಿಕ್ಕಂದಿನಲ್ಲಿ ನೋಡಿಯೇ ಇರುತ್ತೀರಿ. ನೀವೂ ಆ ಮೂರು-ನಾಲ್ಕು ತಿಂಗಳು ಅಲ್ಲಿ, ಉಳಿದದ್ದು ಧಾರವಾಡದಲ್ಲಿ ಅಂತ ಇಟ್ಟುಕೊಳ್ಳಬಹುದು. ಮನೆಗೆ ಕಮೋಡ್ ಇರುವ ಬಚ್ಚಲು, ಒಳ್ಳೆ ವೈರಿಂಗ್ ಮಾಡಿಸಿ. ಈ ಬೇಸಿಗೆಯಲ್ಲೇ ಮಾಳಿಗೆಗೆ ಹೊಸ ಮಣ್ಣು ಹಾಕಿಸಿ, ಸೋರದ ಹಾಗೆ ನೋಡಿಕೊಳ್ಳಿ. ಮೇಸ್ತ್ರಿ ಬಂದು ಇದನ್ನು ಕೆಡವಿ ಆರ್‌ಸಿಸಿ ಹಾಕೋಣ ಅಂತ ಹೇಳೇ ಹೇಳುತ್ತಾನೆ. ಒಪ್ಪಬೇಡಿ.